ಹೆನೆರಾಲ್ ಕರೇರಾ ಸರೋವರದಲ್ಲಿ ಮಗುಚಿದ ಕಯಾಕ್: ಒಂದು ಪ್ರಕರಣ ಅಧ್ಯಯನ

ದಕ್ಷಿಣ ಅಮೆರಿಕದ ತೆಂಕಣ ತುದಿಯ ಪಟಗೋನಿಯಾ ಪ್ರದೇಶದಲ್ಲಿ, ಆಂಡಿಸ್ ಪರ್ವತಗಳ ನಡುವೆ, ಚಿಲಿ ಮತ್ತು ಅರ್ಜೆಂಟೀನಾ ದೇಶಗಳು ಹಂಚಿಕೊಂಡಿರುವ ಒಂದು ದೊಡ್ಡ ಸರೋವರವಿದೆ. ಚಿಲಿಯ ಕಡೆಯವರಿಗೆ ಅದು ಹೆನೆರಾಲ್ ಕರೇರಾ. ಗಡಿಯಾಚೆಯವರಿಗೆ ಬ್ಯೂನಸ್ ಐರಿಸ್ ಸರೋವರ. ಹಿಮನದಿಗಳು ಕೊರೆದ ಕಣಿವೆಯಲ್ಲಿ ನಿಂತ ಈ ನೀರಿನ ವಿಸ್ತೀರ್ಣ ಸುಮಾರು 1,850 ಚದರ ಕಿಲೋಮೀಟರ್, ಆಳ 580 ಮೀಟರಿಗೂ ಹೆಚ್ಚು. ಹಿಮನದಿಗಳು ಅರೆದ ಬಂಡೆಯ ನುಣ್ಣನೆಯ ಹುಡಿ ನೀರಿನಲ್ಲಿ ತೇಲುವುದರಿಂದ ಅದಕ್ಕೆ ಹಾಲು ಬೆರೆಸಿದಂತಹ ನೀಲಿ ಬಣ್ಣ ಬಂದಿದೆ. ಪಶ್ಚಿಮದ ದಡಗಳಲ್ಲಿ ಲೆಂಗಾ ಮತ್ತು ಕೊಯ್ಗುಎ ಮರಗಳ ಕಾಡು ನೀರಿನವರೆಗೂ ಇಳಿದು ಬರುತ್ತದೆ. ಪ್ವೆರ್ತೊ ರಿಯೊ ತ್ರಾಂಕಿಲೊ ಎಂಬ ಚಿಕ್ಕ ಊರಿನ ಬಳಿ ಅಲೆಗಳು ಸವೆಸಿದ ಅಮೃತಶಿಲೆಯ ಗುಹೆಗಳಿವೆ. ಅವನ್ನು ನೋಡಲು ಬರುವವರು ಬೆಳಗಿನ ಹೊತ್ತು, ನೀರು ಕನ್ನಡಿಯಂತೆ ನಿಂತಿರುವಾಗ, ಕಯಾಕ್ ಎಂಬ, ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದನೆಯ ದೋಣಿಗಳಲ್ಲಿ ಗುಹೆಗಳ ಒಳಗೆ ಹೋಗಿ ಬರುತ್ತಾರೆ. ಆ ಚಿತ್ರಗಳನ್ನಷ್ಟೇ ನೋಡಿದವರಿಗೆ ಇಷ್ಟು ಶಾಂತವಾದ ನೀರು ಬೇರೆಲ್ಲೂ ಇರಲಾರದು ಎನಿಸುವುದು ಸಹಜ.

2015ರ ಡಿಸೆಂಬರ್ 8ರಂದು ಇದೇ ಸರೋವರದಲ್ಲಿ ಇಬ್ಬರು ಕೂತಿದ್ದ ಒಂದು ಕಯಾಕ್ ಮಗುಚಿತು. ಅದರಲ್ಲಿದ್ದ ಡಗ್ಲಸ್ ಟಾಂಪ್ಕಿನ್ಸ್ ಅದೇ ದಿನ ತೀರಿಕೊಂಡರು. ಜೊತೆಗಿದ್ದ ರಿಕ್ ರಿಡ್ಜ್‌ವೇ ಬದುಕುಳಿದರು. ತಣ್ಣೀರಿನಲ್ಲಿ ದೋಣಿ ನಡೆಸುವವರು ಮತ್ತೆ ಮತ್ತೆ ತೆಗೆದು ನೋಡಬೇಕಾದ ಪ್ರಕರಣ ಇದು. ಕಾರಣವಿಷ್ಟೇ: ಇಂತಹ ಅಪಘಾತಗಳಲ್ಲಿ ಸಾಮಾನ್ಯವಾಗಿ ಮೊದಲು ಹೊರಬೀಳುವ ವಿವರಣೆ, ಅಂದರೆ ‘ಅವರಿಗೆ ಅನುಭವವಿರಲಿಲ್ಲ’ ಎಂಬುದು, ಇಲ್ಲಿ ಸ್ವಲ್ಪವೂ ಅನ್ವಯಿಸುವುದಿಲ್ಲ.

ಆ ಗುಂಪಿನಲ್ಲಿದ್ದವರು ಆರು ಮಂದಿ. ಟಾಂಪ್ಕಿನ್ಸ್‌ಗೆ ಆಗ 72 ವರ್ಷ. 1960ರ ದಶಕದಲ್ಲಿ ನಾರ್ತ್ ಫೇಸ್ ಎಂಬ ಪರ್ವತಾರೋಹಣ ಸಾಮಗ್ರಿಗಳ ಕಂಪನಿಯನ್ನು ಕಟ್ಟಿ, ಮುಂದೆ ಎಸ್ಪ್ರಿ ಉಡುಪು ಕಂಪನಿಯ ಸಹಸಂಸ್ಥಾಪಕರಾಗಿ ಹಣ ಗಳಿಸಿ, 1990ರ ದಶಕದ ಆರಂಭದಲ್ಲಿ ಆ ವ್ಯವಹಾರವನ್ನೆಲ್ಲ ಬಿಟ್ಟು ಚಿಲಿಗೆ ಬಂದು ನೆಲೆಸಿ, ಕಾಡುಗಳನ್ನು ಕೊಂಡು ಕಾಪಾಡುವ ಕೆಲಸಕ್ಕೆ ತೊಡಗಿದವರು ಅವರು. ಬಂಡೆ ಹತ್ತುವುದು, ಸಣ್ಣ ವಿಮಾನ ಹಾರಿಸುವುದು, ರಭಸದ ನದಿಗಳಲ್ಲಿ ಕಯಾಕ್ ನಡೆಸುವುದು ಇವೆಲ್ಲವೂ ದಶಕಗಳ ಕಾಲ ಅವರ ಬದುಕಿನ ಭಾಗವಾಗಿದ್ದವು. ರಿಡ್ಜ್‌ವೇ 1978ರಲ್ಲಿ ಕೆ2 ಶಿಖರವನ್ನು ಮೊದಲು ಏರಿದ ಅಮೆರಿಕನ್ನರ ತಂಡದಲ್ಲಿ ಒಬ್ಬರು. ಮೂರನೆಯವರು ಪಟಗೋನಿಯಾ ಉಡುಪು ಕಂಪನಿಯ ಸ್ಥಾಪಕ ಇವಾನ್ ಶುನಾರ್ಡ್. ಅವರೂ ಟಾಂಪ್ಕಿನ್ಸ್ ಅವರೂ 1968ರಲ್ಲಿ ಕ್ಯಾಲಿಫೋರ್ನಿಯಾದಿಂದ ವ್ಯಾನಿನಲ್ಲಿ ಹೊರಟು ಪಟಗೋನಿಯಾ ತಲುಪಿ ಫಿಟ್ಸ್ ರಾಯ್ ಶಿಖರ ಹತ್ತಿದ್ದರು. ಉಳಿದ ಮೂವರು ಇವರಿಗಿಂತ ಕಿರಿಯರು, ಅವರಿಗೂ ದೋಣಿ ಮತ್ತು ನದಿಗಳ ಪಳಗಿಕೆ ಇತ್ತು. ಒಟ್ಟಿನಲ್ಲಿ ಸಾಹಸಯಾತ್ರೆಗೆ ಇದಕ್ಕಿಂತ ಅನುಭವಿ ಗುಂಪನ್ನು ಕೂಡಿಸುವುದು ಕಷ್ಟ.

ಇವರು ಹೊರಟದ್ದು ಯಾವ ದಾಖಲೆಗಾಗಿಯೂ ಅಲ್ಲ. ಹಳೆಯ ಗೆಳೆಯರು ನಾಲ್ಕೈದು ದಿನ ಸರೋವರದ ಉತ್ತರ ದಡದುದ್ದಕ್ಕೂ ಹುಟ್ಟು ಹಾಕುತ್ತ, ರಾತ್ರಿ ದಡದಲ್ಲಿ ಡೇರೆ ಹೂಡಿ ಹರಟುವ ಯೋಜನೆ ಅದು. ಒಬ್ಬೊಬ್ಬರೇ ಕೂರುವ ಎರಡು ಕಯಾಕ್‌ಗಳು, ಇಬ್ಬಿಬ್ಬರು ಕೂರುವ ಎರಡು ಕಯಾಕ್‌ಗಳು ಅವರ ಬಳಿ ಇದ್ದವು. ಟಾಂಪ್ಕಿನ್ಸ್ ಮತ್ತು ರಿಡ್ಜ್‌ವೇ ಜೋಡಿಯ ಕಯಾಕಿನ ಚುಕ್ಕಾಣಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ದಾರಿಯಲ್ಲಿ ಗಾಳಿ ಜೋರಾದ ಒಂದು ದಿನ ಅವರು ದಡದಲ್ಲೇ ಉಳಿದರು. ಅಂದರೆ ಗಾಳಿಯ ಅಪಾಯ ಅವರಿಗೆ ಗೊತ್ತಿತ್ತು ಮತ್ತು ಅದಕ್ಕೆ ಮರ್ಯಾದೆ ಕೊಡುವ ವಿವೇಕವೂ ಇತ್ತು. 8ರ ಬೆಳಿಗ್ಗೆ ನೀರಿಗಿಳಿಯಬಹುದು ಎಂದು ತೋರಿದ್ದರಿಂದ ಹೊರಟರು.

ಪಟಗೋನಿಯಾದ ಗಾಳಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ದಕ್ಷಿಣಾರ್ಧಗೋಳದ ಈ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯನ್ನು ಶಾಂತ ಸಾಗರದ ಮೇಲೆ ತಡೆಯುವ ನೆಲವೇ ಇಲ್ಲ. ಆಂಡಿಸ್‌ಗೆ ಬಡಿದ ಗಾಳಿ ಕಣಿವೆಗಳ ಮೂಲಕ ನುಗ್ಗಿ ಸರೋವರದ ಮೇಲೆ ಬೀಳುತ್ತದೆ. ಅಡ್ಡ ಕಣಿವೆಯೊಂದರ ಬಾಯಿಗೆ ಬರುವವರೆಗೆ ಗುಡ್ಡದ ಮರೆಯಲ್ಲಿ ನೀರು ಸಮಾಧಾನವಾಗಿರುತ್ತದೆ. ಒಂದು ಮೂಲೆ ತಿರುಗಿದರೆ ಸಾಕು, ಗಾಳಿ ಮತ್ತು ಅಲೆ ಎರಡೂ ಬೇರೆ ದಿಕ್ಕಿನಿಂದ, ಬೇರೆಯೇ ಬಲದಿಂದ ಬರುತ್ತವೆ. ಹಾಗಾಗಿ ಬೆಳಿಗ್ಗೆ ದಡದಲ್ಲಿ ನಿಂತು ನೋಡಿದ ನೀರು ಮುಂದಿನ ಭೂಶಿರದ ಆಚೆಗಿನ ನೀರಿಗೆ ಸಾಕ್ಷಿಯಾಗದು. ಕಾಡಿನ ನಡುವಿನ ಸರೋವರಗಳಲ್ಲಿ, ಅವು ಎಷ್ಟೇ ಚಿಕ್ಕವಾಗಿರಲಿ, ಈ ಮಾತು ಒಂದಿಷ್ಟು ಮಟ್ಟಿಗೆ ನಿಜ. ಮರಗಳು ದಡದ ಅಂಚಿನ ನೀರಿಗೆ ಗಾಳಿ ತಾಕದಂತೆ ಕಾಯುತ್ತವೆ, ನಡುನೀರನ್ನು ಕಾಯುವುದಿಲ್ಲ.

ಚುಕ್ಕಾಣಿಯ ದೋಷ ಅಂದು ಯಾಕೆ ದುಬಾರಿಯಾಯಿತು ಎಂಬುದನ್ನು ಅರಿಯಲು ಉದ್ದನೆಯ ಕಯಾಕ್ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂದು ತಿಳಿದಿರಬೇಕು. ಮುಂದೆ ಸಾಗುತ್ತಿರುವ ಕಯಾಕಿಗೆ ಪಕ್ಕದಿಂದ ಗಾಳಿ ಬಡಿದರೆ, ಹಿಂಭಾಗ ಜಾರಿ, ಮೂತಿ ತಾನಾಗಿಯೇ ಗಾಳಿಯ ಕಡೆ ತಿರುಗುತ್ತದೆ. ಹಿಂದಿನಿಂದ ಓರೆಯಾಗಿ ಅಲೆ ಬಂದರೆ ಅದು ಹಿಂಭಾಗವನ್ನು ಎತ್ತಿ ದೋಣಿಯನ್ನು ಅಡ್ಡ ನಿಲ್ಲಿಸುತ್ತದೆ, ಆಮೇಲಿನ ಅಲೆ ಪಕ್ಕದಿಂದಲೇ ಬಡಿಯುತ್ತದೆ. ಕಾಲಿನಿಂದ ಒತ್ತಿ ಆಡಿಸುವ ಚುಕ್ಕಾಣಿ ಇದ್ದರೆ ಈ ತಿರುಗುವಿಕೆಯನ್ನು ತಡೆದು, ಹುಟ್ಟಿನ ಅಷ್ಟೂ ಬಲವನ್ನು ಮುಂದೆ ಸಾಗಲು ಬಳಸಬಹುದು. ಚುಕ್ಕಾಣಿ ಕೈಕೊಟ್ಟರೆ ಪ್ರತಿ ಅಲೆಗೂ ಹುಟ್ಟಿನಿಂದಲೇ ದಿಕ್ಕು ತಿದ್ದಬೇಕು, ಇಬ್ಬರು ಕೂತ ಉದ್ದದ ದೋಣಿಯಲ್ಲಿ ಅದು ತೋಳು ಸೋಲಿಸುವ ಕೆಲಸ. ಅಲೆ ಸಣ್ಣದಿದ್ದಾಗ ಇದು ಬರೀ ಕಿರಿಕಿರಿ. ಅಲೆ ಎದೆಯೆತ್ತರಕ್ಕೆ ಎದ್ದಾಗ ದಿಕ್ಕು ತಪ್ಪುವುದಕ್ಕೂ ಮಗುಚುವುದಕ್ಕೂ ನಡುವೆ ಹೆಚ್ಚು ಅಂತರ ಉಳಿಯುವುದಿಲ್ಲ.

ಮಗುಚಿದ್ದು ಹೀಗೆಯೇ, ಪಕ್ಕದಿಂದ ಬಂದ ಗಾಳಿ ಮತ್ತು ಅಲೆಗಳ ನಡುವೆ. ಇಬ್ಬರೂ ದೋಣಿಯಿಂದ ಹೊರಬಂದು ಅದನ್ನು ನೆಟ್ಟಗೆ ಮಾಡಿ ಹತ್ತಲು ಯತ್ನಿಸಿದರು, ಆಗಲಿಲ್ಲ. ನೀರು ತುಂಬಿದ ಜೋಡಿ ಕಯಾಕ್ ನೂರಾರು ಲೀಟರ್ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಅತ್ತಿತ್ತ ಹೊಯ್ದಾಡುತ್ತದೆ; ಹತ್ತಿ ಕೂತರೂ ನೀರೆಲ್ಲ ಒಂದೇ ಪಕ್ಕಕ್ಕೆ ಸರಿದು ಮತ್ತೆ ಉರುಳಿಸುತ್ತದೆ. ಕೊನೆಗೆ ಅವರು ದೋಣಿ ಬಿಟ್ಟು ಈಜಿ ದಡ ಸೇರಲು ನೋಡಿದರು. ಗಾಳಿಯೂ ಸೆಳೆತವೂ ಅವರನ್ನು ದಡದಿಂದ ದೂರಕ್ಕೇ ಒಯ್ದವು. ಮುಂದೆ ಹೋಗಿದ್ದ ಉಳಿದವರಿಗೆ ಇದು ತಕ್ಷಣ ಕಾಣಲೂ ಇಲ್ಲ. ಭೂಶಿರ ದಾಟಿ ಮುಂದೆ ಸಾಗಿದ್ದ ಅವರು ಹಿಂದಿನ ದೋಣಿ ಬಾರದ್ದನ್ನು ಗಮನಿಸಿ ತಿರುಗಿ ಬರಬೇಕಾಯಿತು.

ಸರೋವರದ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಇತ್ತು. ಇಷ್ಟು ತಣ್ಣನೆಯ ನೀರಿನಲ್ಲಿ ಬಿದ್ದ ದೇಹದಲ್ಲಿ ಏನೇನು, ಯಾವ ಅನುಕ್ರಮದಲ್ಲಿ ನಡೆಯುತ್ತದೆ ಎಂಬುದನ್ನು ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ನೆನಪಿಡಲು ಸುಲಭವಾಗುವಂತೆ ಒಂದು, ಹತ್ತು, ಒಂದು ಎಂದು ಹೇಳಿದ್ದಾರೆ. ಮೊದಲ 1 ನಿಮಿಷ ಉಸಿರಿನದು: ಚರ್ಮಕ್ಕೆ ಥಟ್ಟನೆ ತಣ್ಣೀರು ತಾಕಿದಾಗ ನಮ್ಮ ಹಿಡಿತ ಮೀರಿ ಏದುಸಿರು ಬರುತ್ತದೆ, ಆ ಹೊತ್ತಿನಲ್ಲಿ ಬಾಯಿ ನೀರಿನೊಳಗಿದ್ದರೆ ಅಲ್ಲೇ ಮುಳುಗುವ ಅಪಾಯವಿದೆ. ಲೈಫ್ ಜಾಕೆಟ್ ಮುಖವನ್ನು ಮೇಲಿರಿಸಿ ಕಾಪಾಡುವುದು ಮುಖ್ಯವಾಗಿ ಈ ಘಟ್ಟದಲ್ಲಿ. ಆನಂತರದ 10 ನಿಮಿಷ ಕೈಕಾಲುಗಳದು: ದೇಹ ತನ್ನ ಒಳಗಿನ ಬಿಸಿ ಉಳಿಸಿಕೊಳ್ಳಲು ತೋಳು ಮತ್ತು ಕಾಲುಗಳ ರಕ್ತಸಂಚಾರವನ್ನು ಕಡಿತಗೊಳಿಸುತ್ತದೆ, ನರ ಮತ್ತು ಸ್ನಾಯುಗಳು ತಣ್ಣಗಾಗಿ ಬೆರಳು ಮಡಚುವುದೇ ಇಲ್ಲ, ಈಜುವ ಬಲ ಹೊರಟುಹೋಗುತ್ತದೆ. ಕೊನೆಯ 1 ಗಂಟೆ ಪ್ರಜ್ಞೆಯದು: ದೇಹದ ಒಳಗಿನ ಉಷ್ಣತೆ ಇಳಿಯುತ್ತ ಹೋಗಿ, ಸರಿಸುಮಾರು ಆ ಹೊತ್ತಿಗೆ ಎಚ್ಚರ ತಪ್ಪುತ್ತದೆ. ಇವು ಎಲ್ಲರಿಗೂ ಒಂದೇ ಅಳತೆಯ ಅಂಕಿಗಳಲ್ಲ. ದೇಹದ ಗಾತ್ರ, ಕೊಬ್ಬು, ವಯಸ್ಸು, ಬಟ್ಟೆ ಮತ್ತು ನೀರಿನ ಅಬ್ಬರಕ್ಕೆ ತಕ್ಕಂತೆ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಅನುಕ್ರಮ ಮಾತ್ರ ಬದಲಾಗುವುದಿಲ್ಲ.

ಈ ಅನುಕ್ರಮವನ್ನು ಎದುರಿಗಿಟ್ಟುಕೊಂಡು ನೋಡಿದರೆ, ದೋಣಿ ಹತ್ತಲು ನಡೆಸಿದ ಯತ್ನಗಳಿಗೆ ಏನು ಬೆಲೆ ಬಿತ್ತು ಎಂಬುದು ಸ್ಪಷ್ಟವಾಗುತ್ತದೆ. ಕೈಗಳು ಹೇಳಿದಂತೆ ಕೇಳುವ ಆ ಸುಮಾರು ಹತ್ತು ನಿಮಿಷಗಳೇ ಇಡೀ ಬಂಡವಾಳ. ಒಂದು ಯತ್ನ ವಿಫಲವಾದಾಗ ಆ ಬಂಡವಾಳದ ಒಂದು ಪಾಲು ಹೋಗಿರುತ್ತದೆ, ಎರಡನೆಯ ಯತ್ನ ಇನ್ನೂ ದುರ್ಬಲವಾದ ಕೈಗಳಿಂದ ನಡೆಯಬೇಕು, ಮೂರನೆಯದು ಅದಕ್ಕಿಂತ ದುರ್ಬಲ ಕೈಗಳಿಂದ. ದೋಣಿಯನ್ನು ಬಿಟ್ಟು ಈಜಿದ್ದು ತಪ್ಪು ಎಂದು ದಡದಲ್ಲಿ ಕೂತು ಹೇಳುವುದು ಸುಲಭ, ಪಠ್ಯಪುಸ್ತಕಗಳೂ ದೋಣಿ ಬಿಡಬಾರದು ಎಂದೇ ಹೇಳುತ್ತವೆ. ಆದರೆ ದೋಣಿಯೇ ನಡುನೀರಿಗೆ ತೇಲುತ್ತಿದ್ದಾಗ, ಜೊತೆಯವರು ಕಣ್ಣಿಗೆ ಬೀಳದಿದ್ದಾಗ, ದಡ ಕಾಣುತ್ತಿದ್ದಾಗ ಮನುಷ್ಯರು ಮಾಡುವುದು ಇದನ್ನೇ. ಆ ತೀರ್ಮಾನವನ್ನು ಈ ಪ್ರಕರಣದ ನಿರ್ಣಾಯಕ ತಪ್ಪೆಂದು ಎಣಿಸಲು ನಾನು ಒಪ್ಪುವುದಿಲ್ಲ. ಅದನ್ನು ತೆಗೆದುಕೊಳ್ಳುವ ಹೊತ್ತಿಗಾಗಲೇ ಒಳ್ಳೆಯ ಆಯ್ಕೆಗಳು ಮುಗಿದುಹೋಗಿದ್ದವು.

ಹಿಂದಿರುಗಿ ಬಂದ ಜೋಡಿ ಕಯಾಕಿನವರು ರಿಡ್ಜ್‌ವೇ ಅವರನ್ನು ತಲುಪಿ ದಡಕ್ಕೆ ತಂದರು. ಆ ಹೊತ್ತಿಗೆ ಅವರು ಬಹುತೇಕ ಕೈಚೆಲ್ಲಿದ್ದರು. ಟಾಂಪ್ಕಿನ್ಸ್ ಇನ್ನೂ ದೂರ ಹೋಗಿದ್ದರು. ಗುಂಪಿನ ಕಿರಿಯ ಸದಸ್ಯರೊಬ್ಬರು ಒಬ್ಬರೇ ಕೂರುವ ಕಯಾಕಿನಲ್ಲಿ ಅವರ ಬಳಿ ಹೋಗಿ, ಹಿಡಿದುಕೊಂಡು, ಹುಟ್ಟು ಹಾಕುತ್ತ ದಡದ ಕಡೆ ಬರಲು ಹೆಣಗಿದರು. ಇಂತಹ ಕಯಾಕ್ ಒಬ್ಬನ ತೂಕಕ್ಕೆ, ಒಬ್ಬನ ಸಮತೋಲನಕ್ಕೆ ಮಾಡಿದ್ದು. ಅದರ ಪಕ್ಕದಲ್ಲೋ ಹಿಂದೆಯೋ ಅರ್ಧ ದೇಹ ನೀರಿನಲ್ಲಿರುವ ಇನ್ನೊಬ್ಬರನ್ನು ಎಳೆಯುವಾಗ ನೀರಿನ ತಡೆ ಹಲವು ಪಟ್ಟು ಹೆಚ್ಚುತ್ತದೆ. ಎದುರುಗಾಳಿಯಲ್ಲಿ ಎಳೆಯುವವನ ಬಲವೆಲ್ಲ ಇದ್ದಲ್ಲೇ ಇರುವುದಕ್ಕೆ ವೆಚ್ಚವಾಗುತ್ತದೆ. ಮೇಲಾಗಿ ತಲೆ ಮುಳುಗದಂತೆ ಒಂದು ಕೈಯಲ್ಲಿ ಹಿಡಿದವನಿಗೆ ಹುಟ್ಟು ಹಿಡಿಯಲು ಉಳಿಯುವುದು ಇನ್ನೊಂದೇ ಕೈ. ಆ ಯುವಕ ತಾನೂ ಮಗುಚುವ ಅಪಾಯವನ್ನು ಹೊತ್ತು, ಕೈಬಿಡದೆ ಉಳಿದದ್ದು ಈ ಪ್ರಕರಣದಲ್ಲಿ ನಡೆದ ಅತ್ಯಂತ ಕಠಿಣವಾದ ಕೆಲಸ. ಕೊನೆಗೆ ಹೆಲಿಕಾಪ್ಟರ್ ಬಂದು, ಇಳಿಬಿಟ್ಟ ಹಗ್ಗದ ನೆರವಿನಿಂದ ಇಬ್ಬರನ್ನೂ ದಡಕ್ಕೆ ತರಲಾಯಿತು. ಟಾಂಪ್ಕಿನ್ಸ್ ನೀರಿನಲ್ಲಿದ್ದ ಹೊತ್ತು ಒಂದು ಗಂಟೆಯನ್ನು ಮೀರಿತ್ತು. ಅವರನ್ನು ಐಸೇನ್ ಪ್ರಾಂತ್ಯದ ಕೊಯೈಕೆ ಊರಿನ ಆಸ್ಪತ್ರೆಗೆ ಒಯ್ದರು. ದೇಹದ ಉಷ್ಣತೆ 19 ಡಿಗ್ರಿಗೆ ಇಳಿದಿತ್ತು ಎಂದು ಆಸ್ಪತ್ರೆ ತಿಳಿಸಿತು.

ಈ 19 ಡಿಗ್ರಿ ಎಂಬ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅಷ್ಟಕ್ಕೆ ಇಳಿದವರೆಲ್ಲ ಸತ್ತೇ ಹೋಗುತ್ತಾರೆ ಎಂದಿಲ್ಲ. 2011ರ ಫೆಬ್ರವರಿ 11ರಂದು ಡೆನ್ಮಾರ್ಕಿನ ಪ್ರೆಸ್ಟೊ ಎಂಬಲ್ಲಿನ ಕಡಲ ಹಿನ್ನೀರಿನಲ್ಲಿ, 2 ಡಿಗ್ರಿಯ ನೀರಿನಲ್ಲಿ, ವಸತಿಶಾಲೆಯೊಂದರ 13 ವಿದ್ಯಾರ್ಥಿಗಳು ಮತ್ತು 2 ಶಿಕ್ಷಕರಿದ್ದ ಉದ್ದ ದೋಣಿ ಮಗುಚಿತು. ಒಬ್ಬ ಶಿಕ್ಷಕರು ತೀರಿಕೊಂಡರು. ಏಳು ವಿದ್ಯಾರ್ಥಿಗಳು ಸಿಕ್ಕಾಗ ಅವರ ಹೃದಯವೇ ನಿಂತಿತ್ತು, ದೇಹದ ಉಷ್ಣತೆ 18 ಡಿಗ್ರಿಯ ಆಸುಪಾಸಿನಲ್ಲಿತ್ತು. ಅವರನ್ನು ಕೋಪನ್‌ಹೇಗನ್ನಿನ ರಿಗ್ಸ್‌ಹಾಸ್ಪಿಟಲ್‌ಗೆ ಸೇರಿಸಿ, ರಕ್ತವನ್ನು ದೇಹದ ಹೊರಗೆ ಹರಿಸಿ ಯಂತ್ರದಲ್ಲಿ ಬೆಚ್ಚಗೆ ಮಾಡಿ ಮರಳಿಸುವ ವಿಧಾನದಿಂದ ನಿಧಾನವಾಗಿ ಬಿಸಿ ಮಾಡಲಾಯಿತು. ಏಳೂ ಜನ ಬದುಕಿದರು. ತಣ್ಣಗಾದ ಮಿದುಳಿಗೆ ಆಮ್ಲಜನಕ ಕಡಿಮೆ ಸಾಕಾಗುವುದರಿಂದ, ಹೃದಯ ನಿಲ್ಲುವ ಮೊದಲೇ ದೇಹ ಚೆನ್ನಾಗಿ ತಣಿದಿದ್ದರೆ, ಮರಳಿ ಬರುವ ಸಾಧ್ಯತೆ ಉಳಿದಿರುತ್ತದೆ. ಬಿಸಿಯಾದ ಮೇಲೂ ಜೀವ ಬಾರದಿದ್ದರೆ ಮಾತ್ರ ಸಾವು ಎಂದು ವೈದ್ಯರು ಈ ಕಾರಣಕ್ಕೇ ಹೇಳುತ್ತಾರೆ. ಆದರೆ ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ಚಿಲಿಯ ವೈದ್ಯರನ್ನು ಪ್ರಶ್ನಿಸುವುದು ನ್ಯಾಯವಲ್ಲ. ಅಲ್ಲಿದ್ದವರು ಹದಿಹರೆಯದವರು, ಇಲ್ಲಿದ್ದವರಿಗೆ 72 ವರ್ಷ; ಅಲ್ಲಿ ಹತ್ತಿರದಲ್ಲೇ ರಾಜಧಾನಿಯ ದೊಡ್ಡ ಆಸ್ಪತ್ರೆ, ಇಲ್ಲಿ ಪರ್ವತಗಳ ನಡುವಿನ ದೂರದ ಊರು. ಹೋಲಿಕೆಯಿಂದ ತಿಳಿಯುವುದೇನೆಂದರೆ, ಒಂದು ಹಂತದ ನಂತರ ಬದುಕುವುದು ಬಿಡುವುದು ದೋಣಿ ನಡೆಸುವವನ ಕೈಯಲ್ಲಿ ಇರುವುದೇ ಇಲ್ಲ. ಅವನು ಎಲ್ಲಿ ಬಿದ್ದ, ಯಾರು ಎಷ್ಟು ಬೇಗ ಕಂಡರು, ಯಾವ ಆಸ್ಪತ್ರೆ ಎಷ್ಟು ದೂರ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಹಾಗಾದರೆ ಅವನ ಕೈಯಲ್ಲಿ ಇದ್ದದ್ದು ಏನು? ನನ್ನ ತೀರ್ಮಾನದಲ್ಲಿ ಇಲ್ಲಿ ತೂಗಬೇಕಾದ ಸಂಗತಿಗಳು ಎರಡೇ, ಅವೆರಡೂ ನೀರಿಗಿಳಿಯುವ ಮೊದಲಿನವು. ಒಂದು ಚುಕ್ಕಾಣಿ, ಇನ್ನೊಂದು ಉಡುಪು. ನೀರಿಗೆ ಬಿದ್ದರೂ ಒಳಗೆ ಒಣಗಿರುವ ಡ್ರೈ ಸೂಟ್ ಆ ಇಬ್ಬರ ಮೈಮೇಲೆ ಇರಲಿಲ್ಲ. ಗಾಳಿ ಮತ್ತು ಎರಚಲಿಗೆ ತಕ್ಕ ಬಟ್ಟೆ ಇತ್ತು. ಅದು ದೋಣಿಯ ಮೇಲಿರುವವರಿಗೆ ಸಾಕಾಗುವ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಬಿಸಿಯನ್ನು ಸಾಗಿಸುತ್ತದೆ, ಆದ್ದರಿಂದ ಹವೆಗೆ ತಕ್ಕಂತೆ ಉಟ್ಟ ಬಟ್ಟೆ ಮತ್ತು ನೀರಿಗೆ ತಕ್ಕಂತೆ ಉಟ್ಟ ಬಟ್ಟೆ ಒಂದೇ ಆಗಲು ಸಾಧ್ಯವಿಲ್ಲ.

ಅನುಭವಿಗಳು ಈ ವಿಷಯದಲ್ಲಿ ಯಾಕೆ ಎಡವುತ್ತಾರೆ ಎಂಬುದೇ ಈ ಪ್ರಕರಣದ ತಿರುಳು. ಕೌಶಲ ಹೆಚ್ಚಿದಂತೆ ಮಗುಚುವ ಸಾಧ್ಯತೆ ಕಡಿಮೆಯಾಗುತ್ತದೆ. ದಶಕಗಳ ಕಾಲ ಮಗುಚದೆ, ಅಥವಾ ಮಗುಚಿದರೂ ಕ್ಷಣದಲ್ಲಿ ಮೇಲೆದ್ದು ಬಂದವನ ಮನಸ್ಸು ಆ ಸಾಧ್ಯತೆಯನ್ನು ಸೊನ್ನೆ ಎಂದೇ ಬರೆದುಕೊಳ್ಳುತ್ತದೆ. ಮಗುಚಿದರೆ ತೆರಬೇಕಾದ ಬೆಲೆಯನ್ನು ಮಾತ್ರ ಕೌಶಲ ಒಂದು ಕಾಸಿನಷ್ಟೂ ತಗ್ಗಿಸುವುದಿಲ್ಲ. 4 ಡಿಗ್ರಿಯ ನೀರು ಕೆ2 ಹತ್ತಿದವನಿಗೂ ನಿನ್ನೆ ಮೊನ್ನೆ ಹುಟ್ಟು ಹಿಡಿದವನಿಗೂ ಒಂದೇ ಲೆಕ್ಕ ಹಾಕುತ್ತದೆ. ಇದರ ಜೊತೆಗೆ ಯಾತ್ರೆಯ ಸ್ವರೂಪವೂ ಒಂದು ಕಾರಣ. ಯಾವುದೋ ರಭಸದ ನದಿಯ ಮೊದಲ ಇಳಿತಕ್ಕೆ ಹೊರಟಿದ್ದರೆ ಇದೇ ಗುಂಪು ಪ್ರತಿ ಬೋಲ್ಟನ್ನೂ ಮುಟ್ಟಿ ನೋಡುತ್ತಿತ್ತು, ಚುಕ್ಕಾಣಿ ಸರಿಪಡಿಸದೆ ದೋಣಿಯನ್ನು ನೀರಿಗೆ ಇಳಿಸುತ್ತಲೇ ಇರಲಿಲ್ಲ. ಗೆಳೆಯರ ಸುತ್ತಾಟ, ಸರೋವರ, ಕೂಗಳತೆಯಲ್ಲೇ ದಡ ಎಂಬ ಭಾವ ಇದ್ದಾಗ ಕೆಟ್ಟ ಚುಕ್ಕಾಣಿಯೂ ಹಾಸ್ಯದ ವಸ್ತುವಾಗುತ್ತದೆ. ಇಷ್ಟಪಟ್ಟ ಕೆಲಸ ಮಾಡುತ್ತಲೇ ಹೋದರು ಎಂಬ ಸಮಾಧಾನದ ಮಾತು ಇಂತಹ ಸಾವುಗಳ ಬಗ್ಗೆ ಎಲ್ಲೆಡೆ ಕೇಳಿಬರುತ್ತದೆ. ಅಪಘಾತದ ಕಾರಣಗಳನ್ನು ಹುಡುಕುವವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿ ಎನಿಸಬಹುದು. ನಮ್ಮಲ್ಲಿ ಕಯಾಕ್ ಕಲಿಯುವವರು ಸಾಮಾನ್ಯವಾಗಿ ಕಲಿಯುವುದು ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ, ದಾಂಡೇಲಿಯ ಕಾಳಿಯಲ್ಲಿ, ಸಾಲಿಗ್ರಾಮದ ಬಳಿಯ ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ. ಅಲ್ಲಿ ಮಗುಚಿದರೆ ನಗೆಯಾಡಿ, ಜಾಕೆಟ್ ಹಿಡಿದು ತೇಲಿ, ಮತ್ತೆ ಹತ್ತುತ್ತೇವೆ. ಡಿಸೆಂಬರಿನ ಮುಂಜಾನೆಯ ಚಳಿಯಲ್ಲಿ ಹಿನ್ನೀರು ಗಾಳಿಗಿಂತ ಬೆಚ್ಚಗೇ ಇರುತ್ತದೆ. ಈಜು ಬರುತ್ತದೆಯೇ, ಲೈಫ್ ಜಾಕೆಟ್ ಇದೆಯೇ ಎಂಬ ಎರಡು ಪ್ರಶ್ನೆಗಳಿಂದ ಸುರಕ್ಷತೆಯ ಮಾತು ಮುಗಿಯುವುದು ನಮ್ಮ ನೀರಿನ ಮಟ್ಟಿಗೆ ಬಹುತೇಕ ಸರಿಯೇ. ಇದೇ ಕಲಿಕೆಯನ್ನು ಹೊತ್ತು ಉದ್ಯೋಗಕ್ಕೆಂದು ಸಿಯಾಟಲ್, ಟೊರಾಂಟೊ, ಸ್ಟಾಕ್‌ಹೋಮ್, ಹೆಲ್ಸಿಂಕಿಗೆ ಹೋದವರು ಅಲ್ಲಿನ ಕಾಡಿನ ಸರೋವರಗಳಿಗೆ ಏಪ್ರಿಲ್‌ನ ಒಂದು ಬಿಸಿಲಿನ ದಿನ ಇಳಿದಾಗ ಲೆಕ್ಕ ತಪ್ಪುತ್ತದೆ. ಹವೆ 18 ಡಿಗ್ರಿ ಇರುತ್ತದೆ, ಹಿಮ ಕರಗಿ ಕೆಲವೇ ವಾರಗಳಾದ ನೀರು 5 ಡಿಗ್ರಿಯಲ್ಲೇ ಇರುತ್ತದೆ, ಮೈಮೇಲೆ ಟೀ ಶರ್ಟ್ ಇರುತ್ತದೆ. ನವೆಂಬರಿನ ಚಳಿಗಿಂತ ಈ ವಸಂತದ ಬಿಸಿಲು ಹೆಚ್ಚು ಮೋಸಗಾರ, ಏಕೆಂದರೆ ಚಳಿಯಾದರೂ ಜನರನ್ನು ಹೆದರಿಸಿ ಮನೆಯಲ್ಲಿ ಕೂರಿಸುತ್ತದೆ. ಅಲ್ಲಿ ದೋಣಿ ಬಾಡಿಗೆಗೆ ಪಡೆಯುವವರು ಮೊದಲು ಕೇಳಬೇಕಾದದ್ದು ನೀರಿನ ಉಷ್ಣತೆ. ಡ್ರೈ ಸೂಟ್ ಸಿಗದಿದ್ದರೆ ದಡ ಬಿಟ್ಟು ದೂರ ಹೋಗದಿರುವುದು, ಫೋನನ್ನು ನೀರು ಹೊಗದ ಚೀಲದಲ್ಲಿಟ್ಟು ದೋಣಿಗೆ ಕಟ್ಟದೆ ಮೈಗೇ ಕಟ್ಟಿಕೊಳ್ಳುವುದು, ಜೊತೆಯ ದೋಣಿ ಕಣ್ಣಳತೆ ದಾಟದಂತೆ ನೋಡಿಕೊಳ್ಳುವುದು ಇವಿಷ್ಟು ದುಡ್ಡು ಖರ್ಚಿಲ್ಲದ ಕ್ರಮಗಳು.

ಡ್ರೈ ಸೂಟ್ ಇದ್ದಿದ್ದರೆ ಟಾಂಪ್ಕಿನ್ಸ್ ಉಳಿಯುತ್ತಿದ್ದರೇ ಎಂಬ ಪ್ರಶ್ನೆಗೆ ಖಚಿತ ಉತ್ತರ ಯಾರೂ ಕೊಡಲಾರರು. ಅದೇ ಗಾಳಿ ಇರುತ್ತಿತ್ತು, ಅವೇ ಅಲೆಗಳಿರುತ್ತಿದ್ದವು, ಬರಿಯ ಬೆರಳುಗಳು ಆಗಲೂ ಮರಗಟ್ಟುತ್ತಿದ್ದವು, ದೋಣಿ ಹತ್ತಲು ಆಗಲೂ ಆಗದೇ ಇರಬಹುದಿತ್ತು. ಆದರೆ ಒಳಗೆ ಉಣ್ಣೆಯ ಬಟ್ಟೆ ತೊಟ್ಟು ಮೇಲೆ ಡ್ರೈ ಸೂಟ್ ಹಾಕಿದವನ ದೇಹ ಈ ನೀರಿನಲ್ಲಿ ತಣಿಯುವ ವೇಗ ಬಹಳ ಕಡಿಮೆ, ಒಂದು ಗಂಟೆಯ ಲೆಕ್ಕ ಕೆಲವು ಗಂಟೆಗಳಿಗೆ ಹಿಗ್ಗುತ್ತದೆ. ಅಂದು ಜೊತೆಯವರು ಹಿಂದಿರುಗಿ ಬಂದರು, ಹೆಲಿಕಾಪ್ಟರ್ ಕೂಡ ಬಂತು. ಬಂದಾಗ ಅವರಿಗೆ ಸಿಗಬೇಕಾಗಿದ್ದದ್ದು ಎಚ್ಚರವಿರುವ, ಹಗ್ಗ ಹಿಡಿಯಬಲ್ಲ ಒಬ್ಬ ಮನುಷ್ಯ. ಆ ಉಡುಪು ಅಷ್ಟನ್ನು ಮಾಡಿಕೊಡುತ್ತಿತ್ತು ಎಂದು ನಂಬಲು ಸಾಕಷ್ಟು ಆಧಾರವಿದೆ.